ಕೀಲಿಮಣೆಯ ಮುಂದಿನ ಕನ್ನಡಿಗ: ಬಳಕೆದಾರ ಕೇಂದ್ರಿತ ವಿನ್ಯಾಸದ ನೆಲೆಯಲ್ಲಿ ಕನ್ನಡ ಅಕ್ಷರ ಜೋಡಣೆ

ಗಣಕ ಮತ್ತು ಕನ್ನಡದ ಸಂಬಂಧವನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ತಂತ್ರಾಂಶಗಳ ಇತಿಹಾಸವಾಗಿ, ಇಲ್ಲವೆ ಭಾಷಾಭಿಮಾನದ ಪ್ರಶ್ನೆಯಾಗಿ ನಡೆದಿವೆ. ಯಾವ ತಂತ್ರಾಂಶ ಮೊದಲು ಬಂತು, ಅದನ್ನು ರೂಪಿಸಿದವರು ಯಾರು, ಸರಕಾರ ಯಾವುದನ್ನು ಒಪ್ಪಿತು ಎಂಬ ವಿವರಗಳು ಸಾಕಷ್ಟು ದೊರೆಯುತ್ತವೆ. ಆದರೆ ಕೀಲಿಮಣೆಯ ಮುಂದೆ ಕುಳಿತು ಕನ್ನಡ ಬರೆಯುವ ವ್ಯಕ್ತಿಯ ಮನಸ್ಸಿನಲ್ಲಿ ಅಕ್ಷರವು ಯಾವ ರೂಪದಲ್ಲಿರುತ್ತದೆ, ಆ ರೂಪಕ್ಕೂ ಯಂತ್ರವು ಅವನಿಂದ ಅಪೇಕ್ಷಿಸುವ ಕ್ರಿಯೆಗೂ ಎಷ್ಟು ಅಂತರವಿದೆ ಎಂಬುದನ್ನು ಕನ್ನಡ ವಿಭಾಗಗಳು ತಮ್ಮ ಅಧ್ಯಯನದ ವಸ್ತುವೆಂದು ಭಾವಿಸಿದ್ದು ಕಡಿಮೆ. ಅದು 'ತಾಂತ್ರಿಕರ ಕೆಲಸ' ಎಂಬ ತಿಳುವಳಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಪತ್ರ ಬರೆಯುವುದು, ಅರ್ಜಿ ತುಂಬುವುದು, ಪಾಠದ ಟಿಪ್ಪಣಿ ಸಿದ್ಧಪಡಿಸುವುದು, ಮನೆಯವರಿಗೆ ನಾಲ್ಕು ಸಾಲಿನ ಸಂದೇಶ ಕಳಿಸುವುದು ಇವೆಲ್ಲ ದಿನನಿತ್ಯದ ಅಗತ್ಯಗಳು. ಈ ಅಗತ್ಯಗಳಿಗೆ ಒದಗುವ ಸಾಧನದ ವಿನ್ಯಾಸದಲ್ಲಿ ವರ್ಣಮಾಲೆ, ಗುಣಿತಾಕ್ಷರ, ಒತ್ತಕ್ಷರಗಳ ತಿಳಿವಳಿಕೆಯೇ ನಿರ್ಣಾಯಕವಾಗಿ ಕೆಲಸ ಮಾಡಿದೆ ಎಂಬುದನ್ನು ಗಮನಿಸಿದರೆ, ಇದು ಪೂರ್ಣವಾಗಿ ತಾಂತ್ರಿಕರಿಗೆ ಬಿಟ್ಟುಕೊಡಬಹುದಾದ ವಿಷಯವಲ್ಲವೆಂಬುದು ಸ್ಪಷ್ಟವಾಗುತ್ತದೆ.

ಪರಿಕಲ್ಪನೆಯ ಹಿನ್ನೆಲೆ

'ಬಳಕೆದಾರ ಕೇಂದ್ರಿತ ವಿನ್ಯಾಸ' ಎಂಬ ಮಾತು ಪ್ರಚಾರಕ್ಕೆ ಬಂದದ್ದು ಡೊನಾಲ್ಡ್ ನಾರ್ಮನ್ ಮತ್ತು ಸ್ಟೀಫನ್ ಡ್ರೇಪರ್ ಸಂಪಾದಿಸಿದ 1986ರ ಗ್ರಂಥದಿಂದ. ಅದಕ್ಕೆ ಒಂದು ವರ್ಷ ಮೊದಲು, 1985ರಲ್ಲಿ, ಐ.ಬಿ.ಎಂ. ಸಂಸ್ಥೆಯ ಸಂಶೋಧಕರಾದ ಜಾನ್ ಗೌಲ್ಡ್ ಮತ್ತು ಕ್ಲೇಟನ್ ಲೂಯಿಸ್ ಮೂರು ತತ್ವಗಳನ್ನು ಮುಂದಿಟ್ಟಿದ್ದರು. ಬಳಸುವವರನ್ನೂ ಅವರ ಕೆಲಸವನ್ನೂ ಮೊದಲೇ ಅರಿಯಬೇಕು. ಅವರ ಕೈಗೆ ಸಾಧನವನ್ನು ಕೊಟ್ಟು ಪ್ರತ್ಯಕ್ಷವಾಗಿ ಅಳೆಯಬೇಕು. ಅಳತೆಯಲ್ಲಿ ಕಂಡ ದೋಷವನ್ನು ತಿದ್ದಿ ಮತ್ತೆ ಅಳೆಯಬೇಕು. ಓದಿದಾಗ ಇವು ತೀರ ಸಾಮಾನ್ಯ ಮಾತುಗಳಂತೆ ಕಾಣುತ್ತವೆ. ಆದರೆ ವಿನ್ಯಾಸಕಾರರನ್ನೇ ಕೇಳಿದಾಗ ಈ ಮೂರನ್ನೂ ಹೆಸರಿಸಿದವರು ವಿರಳವೆಂಬುದು ಆ ಲೇಖನದ ಮುಖ್ಯ ಶೋಧವಾಗಿತ್ತು. ಮುಂದೆ 1998ರ ಅಂತಾರಾಷ್ಟ್ರೀಯ ಮಾನಕವೊಂದು 'ಬಳಕೆ ಯೋಗ್ಯತೆ'ಯನ್ನು ನಿರ್ವಚಿಸುವಾಗ ಇಂಥ ಬಳಕೆದಾರರು, ಇಂಥ ಉದ್ದೇಶ, ಇಂಥ ಸಂದರ್ಭ ಎಂದು ನಿರ್ದಿಷ್ಟಪಡಿಸದೆ ಯಾವ ಸಾಧನವನ್ನೂ ಬಳಕೆಗೆ ಯೋಗ್ಯ ಅಥವಾ ಅಯೋಗ್ಯ ಎನ್ನಲಾಗದೆಂಬ ನಿಲುವನ್ನು ತಳೆಯಿತು. 'ಒಳ್ಳೆಯ ಕೀಲಿಮಣೆ ಯಾವುದು' ಎಂಬ ನಮ್ಮ ಹಳೆಯ ವಾದಕ್ಕೆ ಈ ನಿರ್ವಚನ ಬೇರೆಯೇ ದಾರಿ ತೋರಿಸುತ್ತದೆ: ಯಾರಿಗೆ, ಏನನ್ನು ಬರೆಯಲು, ಎಲ್ಲಿ ಕುಳಿತು ಎಂಬುದನ್ನು ಮೊದಲು ಹೇಳಬೇಕಾಗುತ್ತದೆ.

ನಾರ್ಮನ್ ಬಳಸಿದ ಇನ್ನೆರಡು ಪರಿಕಲ್ಪನೆಗಳು ಪ್ರಸ್ತುತ ಚರ್ಚೆಗೆ ಬೇಕಾಗುತ್ತವೆ. ಮನುಷ್ಯನ ಉದ್ದೇಶಕ್ಕೂ ಆ ಉದ್ದೇಶ ನೆರವೇರಲು ಯಂತ್ರವು ಕೇಳುವ ಕ್ರಿಯೆಗೂ ನಡುವಿನ ಅಂತರ ಒಂದು. ಯಂತ್ರದ ಒಳಗೆ ನಡೆದುದಕ್ಕೂ ಅದರ ಬಗ್ಗೆ ಮನುಷ್ಯನಿಗೆ ತಿಳಿದುಬರುವುದಕ್ಕೂ ನಡುವಿನ ಅಂತರ ಇನ್ನೊಂದು. ಮೊದಲನೆಯದನ್ನು ಕ್ರಿಯೆಯ ಅಂತರ, ಎರಡನೆಯದನ್ನು ಗ್ರಹಿಕೆಯ ಅಂತರ ಎಂದು ಕರೆಯಬಹುದು.

ಕಾಣುವ ಕ್ರಮ, ನುಡಿಯುವ ಕ್ರಮ

ಕ್ರಿಸ್ಟೊಫರ್ ಶೋಲ್ಸ್ ರೂಪಿಸಿದ ಬೆರಳಚ್ಚು ಯಂತ್ರವನ್ನು ರೆಮಿಂಗ್ಟನ್ ಕಂಪನಿ 1874ರಲ್ಲಿ ಮಾರುಕಟ್ಟೆಗೆ ತಂದಿತು. ಅದರಲ್ಲಿ ಒಂದು ಕೀಲಿಗೆ ಒಂದು ಅಕ್ಷರವೆಂಬುದೇ ನಿಯಮ. ಇಂಗ್ಲಿಷಿನಲ್ಲಿ ಅಕ್ಷರಗಳು ಒಂದರ ಮುಂದೆ ಒಂದು ಸಾಲಾಗಿ ನಿಲ್ಲುವುದರಿಂದ ಈ ನಿಯಮ ಅಲ್ಲಿ ಸಹಜವಾಗಿತ್ತು. ಕನ್ನಡಕ್ಕೆ ಅದನ್ನು ಒಗ್ಗಿಸುವುದು ಸುಲಭವಾಗಿರಲಿಲ್ಲ. 34 ವ್ಯಂಜನಗಳ ಕಾಗುಣಿತವನ್ನೇ ಎಣಿಸಿದರೂ ರೂಪಗಳು ನಾನೂರು ಮೀರುತ್ತವೆ. ಒತ್ತಕ್ಷರಗಳು ಸೇರಿದರೆ ಲೆಕ್ಕ ಇನ್ನೂ ಬೆಳೆಯುತ್ತದೆ. ಕನ್ನಡ ಬೆರಳಚ್ಚು ಯಂತ್ರವನ್ನು ರೂಪಿಸಿದ ಅನಂತ ಸುಬ್ಬರಾಯರು ಈ ತೊಡಕನ್ನು ಎದುರಿಸಿದ್ದು ಅಕ್ಷರವನ್ನು ತುಂಡುಗಳಾಗಿ ಒಡೆದು. ತಲಕಟ್ಟು, ಗುಡಿಸು, ಕೊಂಬು, ಏತ್ವ, ದೀರ್ಘ, ಒತ್ತು ಎಂಬ ಬಿಡಿಭಾಗಗಳನ್ನು ಕಾಗದದ ಮೇಲೆ ಒಂದರ ಪಕ್ಕ ಒಂದನ್ನು ಕೂಡಿಸಿ ಅಕ್ಷರವನ್ನು ಕಟ್ಟುವ ವಿಧಾನ ಅದು. ಆಗಿನ ಯಂತ್ರದ ಮಿತಿಯೊಳಗೆ ಅದು ದೊಡ್ಡ ಸಾಧನೆಯೇ ಸರಿ.

ಆದರೆ ಈ ವಿಧಾನದಲ್ಲಿ ಬೆರಳಚ್ಚುಗಾರನು ಅಕ್ಷರವನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಯೋಚಿಸಬೇಕಾಗುತ್ತಿತ್ತು, ಕಿವಿಗೆ ಕೇಳುವ ಕ್ರಮದಲ್ಲಲ್ಲ. ಈ ಭೇದ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅರ್ಕಾವತ್ತಿನಲ್ಲಿ. 'ಸೂರ್ಯ' ಎಂಬಲ್ಲಿ ನುಡಿಯುವಾಗ ರೇಫ ಮೊದಲು, ಯಕಾರ ಆಮೇಲೆ. ಬರೆಯುವಾಗ ಯಕಾರ ಮೊದಲು, ಅರ್ಕಾವತ್ತು ಆಮೇಲೆ. ಸ್ಲೇಟಿನ ಮೇಲೆ ಕಲಿಯುವ ಮಗುವಿಗೂ ಇದು ತೊಡಕಿನ ಜಾಗವೆಂಬುದು ಪ್ರಾಥಮಿಕ ಶಾಲೆಯ ಅಧ್ಯಾಪಕರಿಗೆಲ್ಲ ಗೊತ್ತು. ಕೈಬರಹದಲ್ಲಿ ಈ ವ್ಯತ್ಯಾಸ ಅಭ್ಯಾಸದಿಂದ ಮರೆಯಾಗುತ್ತದೆ. ಯಂತ್ರದಲ್ಲಿ ಮಾತ್ರ ಅದು ವಿನ್ಯಾಸಕಾರನ ಮುಂದೆ ಆಯ್ಕೆಯಾಗಿ ನಿಲ್ಲುತ್ತದೆ: ಬರೆಯುವವನು ನುಡಿಯ ಕ್ರಮವನ್ನು ಅನುಸರಿಸಬೇಕೋ, ರೂಪದ ಕ್ರಮವನ್ನೋ?

ಗಣಕ ಬಂದ ಮೇಲೆ ಈ ಎರಡನ್ನೂ ಬೇರ್ಪಡಿಸುವುದು ಸಾಧ್ಯವಾಯಿತು. ಬೆರಳು ಒತ್ತುವ ಕ್ರಮ, ಸ್ಮೃತಿಯಲ್ಲಿ ಉಳಿಯುವ ಕ್ರಮ, ಪರದೆಯ ಮೇಲೆ ಮೂಡುವ ಕ್ರಮ ಈ ಮೂರೂ ಒಂದೇ ಆಗಿರಬೇಕಾದ ನಿರ್ಬಂಧ ಇಲ್ಲವಾಯಿತು. ನುಡಿಯ ಕ್ರಮದಲ್ಲಿ ಒತ್ತಿದ 'ರ್' ಮತ್ತು 'ಯ'ಗಳನ್ನು ಪಡೆದು, ಪರದೆಯ ಮೇಲೆ ಅರ್ಕಾವತ್ತನ್ನು ಹಿಂದಕ್ಕೆ ಕೂರಿಸುವ ಹೊರೆಯನ್ನು ಯಂತ್ರವೇ ಹೊತ್ತುಕೊಂಡಿತು. ಕನ್ನಡ ಅಕ್ಷರ ಜೋಡಣೆಯ ಇತಿಹಾಸದಲ್ಲಿ ಇದಕ್ಕಿಂತ ಮಹತ್ವದ ತಿರುವು ಇನ್ನೊಂದಿಲ್ಲ. ಹಾಗಿದ್ದೂ, ಬೆರಳಚ್ಚು ಯಂತ್ರದ ವಿನ್ಯಾಸವನ್ನೇ ಗಣಕಕ್ಕೆ ತಂದು ಕೊಟ್ಟ ತಂತ್ರಾಂಶಗಳೂ ಇದ್ದವು. ಅದಕ್ಕೆ ಕಾರಣವೂ ಇತ್ತು. ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ಆ ಕ್ರಮವನ್ನು ವರ್ಷಗಟ್ಟಲೆ ರೂಢಿಸಿಕೊಂಡ ಕೈಗಳಿದ್ದವು. ಅವರ ಅನ್ನದ ಪ್ರಶ್ನೆಯೂ ಅದರಲ್ಲಿ ಸೇರಿತ್ತು. ಬಳಕೆದಾರನನ್ನು ಗೌರವಿಸುವುದೆಂದರೆ ಕೆಲವೊಮ್ಮೆ ಅವನ ಹಳೆಯ ಅಭ್ಯಾಸವನ್ನು ಗೌರವಿಸುವುದೂ ಹೌದು.

ಮೂರು ವಿನ್ಯಾಸಗಳು, ಮೂವರು ಬಳಕೆದಾರರು

ಕೇಂದ್ರ ಸರಕಾರದ ಇಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ರೂಪಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸವು ಭಾರತೀಯ ಲಿಪಿಗಳ ಸಾಮಾನ್ಯ ವರ್ಣಕ್ರಮವನ್ನು ಆಧರಿಸಿತು. ಸ್ವರಗಳೂ ಸ್ವರಚಿಹ್ನೆಗಳೂ ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ; ಅಲ್ಪಪ್ರಾಣ ಇರುವ ಕೀಲಿಯಲ್ಲೇ ಶಿಫ್ಟ್ ಒತ್ತಿದರೆ ಮಹಾಪ್ರಾಣ. ದೇವನಾಗರಿಯಲ್ಲಿ ಕಲಿತವನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಅದೇ ಬೆರಳುಗಳಿಂದ ಬರೆಯಬಹುದು. ವ್ಯಾಕರಣ ಬಲ್ಲವರಿಗೆ ಇದರ ತರ್ಕ ಸಂತೋಷ ಕೊಡುತ್ತದೆ. ಆದರೆ ಈ ವಿನ್ಯಾಸ ಊಹಿಸಿಕೊಂಡ ಬಳಕೆದಾರ ಹಲವು ಭಾಷೆಗಳಲ್ಲಿ ವ್ಯವಹರಿಸುವ, ತರಬೇತಿ ಪಡೆಯಲು ಸಮಯವಿರುವ ಕಚೇರಿಯ ನೌಕರ. ಕರ್ನಾಟಕದ ಅಂಗಡಿಗಳಲ್ಲಿ ಮಾರಾಟವಾದ ಕೀಲಿಮಣೆಗಳ ಮೇಲೆ ಅಚ್ಚಾಗಿದ್ದದ್ದು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳು ಮಾತ್ರ. 'ಎಚ್' ಎಂದು ಅಚ್ಚಾದ ಕೀಲಿಯಲ್ಲಿ ಪಕಾರ, 'ಜೆ' ಎಂದಿರುವಲ್ಲಿ ರಕಾರ, 'ವಿ' ಎಂದಿರುವಲ್ಲಿ ನಕಾರ ಇವೆಯೆಂಬುದನ್ನು ಕಂಠಪಾಠ ಮಾಡದೆ ಒಂದು ಸಾಲೂ ಸಾಗುವಂತಿರಲಿಲ್ಲ. ತರ್ಕಶುದ್ಧವಾದ ವಿನ್ಯಾಸವೊಂದು ಸಾಮಾನ್ಯ ಕನ್ನಡಿಗರ ಕೈಗೆ ಬಾರದೆ ಉಳಿದದ್ದಕ್ಕೆ ಕೀಲಿಯ ಮೇಲಿನ ಈ ಅಚ್ಚು ಒಂದು ಮುಖ್ಯ ಕಾರಣವೆನ್ನಬಹುದು.

ಕೆ.ಪಿ. ರಾವ್ ಅವರ ವಿನ್ಯಾಸ ಹೊರಟದ್ದು ಈ ವಾಸ್ತವದಿಂದಲೇ. ಮುದ್ರಣ ತಂತ್ರಜ್ಞಾನದಲ್ಲಿ ಪಳಗಿದ್ದ, ಲಿಪಿಶಾಸ್ತ್ರದಲ್ಲಿಯೂ ಆಳವಾದ ಆಸಕ್ತಿಯಿದ್ದ ಅವರು, ಬಳಕೆದಾರನ ಕಣ್ಣೆದುರು ಆಗಲೇ ಇರುವ ಇಂಗ್ಲಿಷ್ ಅಚ್ಚನ್ನು ನೆನಪಿನ ಸಹಾಯಕ್ಕೆ ಬಳಸಿಕೊಂಡರು. 'ಕೆ' ಒತ್ತಿದರೆ ಕಕಾರ, 'ಎಂ' ಒತ್ತಿದರೆ ಮಕಾರ. ಇಷ್ಟೇ ಆಗಿದ್ದರೆ ಅದು ಸಾಮಾನ್ಯ ಲಿಪ್ಯಂತರವಾಗಿಬಿಡುತ್ತಿತ್ತು. ಅದರ ನಿಜವಾದ ಸೂಕ್ಷ್ಮ ಇರುವುದು ವ್ಯಂಜನವನ್ನು ಅಕಾರಸಹಿತವಾಗಿ ಪರಿಗಣಿಸಿದ್ದರಲ್ಲಿ. ಕನ್ನಡ ಮಗು ಕಲಿಯುವುದು 'ಕ್' ಎಂಬ ಶುದ್ಧ ವ್ಯಂಜನವನ್ನಲ್ಲ, 'ಕ' ಎಂಬ ಅಕ್ಷರವನ್ನು. ಅದಕ್ಕೆ ಸ್ವರ ಸೇರಿದರೆ ಗುಣಿತಾಕ್ಷರ. ಸ್ವರದ ಕೀಲಿಯೂ ಒಂದೇ: ಪದದ ಮೊದಲಲ್ಲಿ ಒತ್ತಿದರೆ 'ಇ', ವ್ಯಂಜನದ ಮುಂದೆ ಒತ್ತಿದರೆ ಗುಡಿಸು. ಒತ್ತಕ್ಷರ ಬೇಕಾದಲ್ಲಿ ಮಾತ್ರ 'ಎಫ್' ಕೀಲಿಯಿಂದ ಕೊಂಡಿ ಹಾಕಬೇಕು. ಸ್ಲೇಟಿನ ಮೇಲೆ ರೂಪುಗೊಂಡ ಮನೋಮಾದರಿಗೂ ಬೆರಳಿನ ಕ್ರಿಯೆಗೂ ಇಲ್ಲಿ ಅಂತರ ಬಹಳ ಕಡಿಮೆ. ಈ ವಿನ್ಯಾಸವನ್ನು ಅವರು ಯಾವ ಹಕ್ಕನ್ನೂ ಉಳಿಸಿಕೊಳ್ಳದೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಅದನ್ನು ಅಳವಡಿಸಿದ ತಮ್ಮ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟರು. ಮುಂದೆ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ' ತಂತ್ರಾಂಶದ ಮೂಲಕ ಇದೇ ವಿನ್ಯಾಸ ಸರಕಾರಿ ಕಚೇರಿಗಳನ್ನೂ ಶಾಲೆಗಳನ್ನೂ ತಲುಪಿತು.

ಮೂರನೆಯದು 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ' ತಂತ್ರಾಂಶದ ಲಿಪ್ಯಂತರ ಕ್ರಮ. ಇಲ್ಲಿ 'ಕೆ' ಒತ್ತಿದರೆ 'ಕ್', ಅದರ ಮುಂದೆ 'ಎ' ಒತ್ತಿದರೆ 'ಕ'. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನು ಬರೆದು ರೂಢಿಯಿದ್ದ, ಹೊರನಾಡುಗಳಲ್ಲಿ ನೆಲೆಸಿ ಮಿಂಚಂಚೆಯಲ್ಲಿ ವ್ಯವಹರಿಸುತ್ತಿದ್ದ ಕನ್ನಡಿಗನಿಗೆ ಇದಕ್ಕಿಂತ ಸಹಜವಾದುದು ಬೇರೆ ಇರಲಾರದು. ಅವನಿಗೆ ಹೊಸದಾಗಿ ಕಲಿಯಬೇಕಾದುದು ಬಹುತೇಕ ಏನೂ ಇರಲಿಲ್ಲ.

ಈ ಎರಡು ಧ್ವನ್ಯಾತ್ಮಕ ಕ್ರಮಗಳಲ್ಲಿ ಯಾವುದು ವೇಗದ್ದು ಎಂಬ ವಾದ ಬಹುಕಾಲ ನಡೆದಿದೆ. ಕೀಲಿಗಳನ್ನು ಎಣಿಸಿ ನೋಡಿದರೆ ಉತ್ತರ ಕುತೂಹಲಕರವಾಗಿದೆ. 'ಮರದ' ಎಂಬ ಪದಕ್ಕೆ ಕೆ.ಪಿ. ರಾವ್ ವಿನ್ಯಾಸದಲ್ಲಿ 3 ಕೀಲಿಗಳು ಸಾಕು. ಲಿಪ್ಯಂತರದಲ್ಲಿ 6 ಬೇಕು. 'ಕನ್ನಡ' ಎಂಬುದಕ್ಕೆ ಅಲ್ಲಿ 5, ಇಲ್ಲಿ 7, ಜೊತೆಗೊಂದು ಶಿಫ್ಟ್. 'ಅಕ್ಕ' ಎಂಬಲ್ಲಿ ಎರಡೂ ಸಮ, ನಾಲ್ಕು ನಾಲ್ಕು. 'ಸ್ತ್ರೀ' ಎಂಬಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ: ಕೊಂಡಿಯ ಕೀಲಿಯನ್ನು ಎರಡು ಸಲ ಒತ್ತಬೇಕಾದ್ದರಿಂದ ಕೆ.ಪಿ. ರಾವ್ ವಿನ್ಯಾಸಕ್ಕೆ 6, ಲಿಪ್ಯಂತರಕ್ಕೆ 4. ಒಂದು ಕ್ರಮ ಅಕಾರಕ್ಕೆ ತೆರಿಗೆ ಹಾಕುತ್ತದೆ, ಇನ್ನೊಂದು ಸಂಯುಕ್ತಾಕ್ಷರಕ್ಕೆ. ಹಾಗಾದರೆ ವೇಗವು ಬರಹದ ಪದಸಂಪತ್ತನ್ನು ಅವಲಂಬಿಸಿದೆ. ವಿಜಾತೀಯ ಸಂಯುಕ್ತಾಕ್ಷರಗಳು ದಟ್ಟವಾಗಿರುವ ತತ್ಸಮಪ್ರಧಾನ ಶಾಸ್ತ್ರಗದ್ಯಕ್ಕೆ ಒಂದು, ಅಕಾರಾಂತ ರೂಪಗಳು ಮತ್ತೆ ಮತ್ತೆ ಬರುವ ದೇಶ್ಯಪ್ರಧಾನ ಕಥನಕ್ಕೆ ಇನ್ನೊಂದು ಅನುಕೂಲ. ವಿವಿಧ ಪ್ರಕಾರಗಳ ಗದ್ಯದಲ್ಲಿ ಅಕಾರಸಹಿತ ವ್ಯಂಜನ ಮತ್ತು ಸಂಯುಕ್ತಾಕ್ಷರಗಳ ಪ್ರಮಾಣವನ್ನು ಎಣಿಸುವ ಕೆಲಸವು ಶೈಲಿಶಾಸ್ತ್ರದ ಪರಿಧಿಯಲ್ಲೇ ಬರುವಂಥದು; ಅದರ ಫಲ ವಿನ್ಯಾಸಕಾರನಿಗೆ ನೇರವಾಗಿ ಒದಗುತ್ತದೆ.

ಕೆ.ಪಿ. ರಾವ್ ವಿನ್ಯಾಸವನ್ನು ಹೊಸದಾಗಿ ಕಲಿಯುವವರು ಸಾಮಾನ್ಯವಾಗಿ ಎಡವುವುದು ಟಕಾರ ಡಕಾರಗಳಲ್ಲಿ. ಅವು ಕ್ರಮವಾಗಿ 'ಕ್ಯು' ಮತ್ತು 'ಡಬ್ಲ್ಯು' ಕೀಲಿಗಳಲ್ಲಿವೆ. ಧ್ವನಿಗೂ ಅಚ್ಚಿಗೂ ಅಲ್ಲಿ ಸಂಬಂಧವಿಲ್ಲ. ಇದು ಅಲಕ್ಷ್ಯದಿಂದ ಆದದ್ದಲ್ಲ. 'ಟಿ' ಮತ್ತು 'ಡಿ' ಕೀಲಿಗಳು ತಕಾರ ದಕಾರಗಳಿಗೆ ಹೋಗಿ, ಅವುಗಳ ಶಿಫ್ಟ್ ಸ್ಥಾನ ಥಕಾರ ಧಕಾರಗಳಿಗೆ ಮೀಸಲಾದ ಮೇಲೆ ಮೂರ್ಧನ್ಯಗಳಿಗೆ ಖಾಲಿ ಉಳಿದಿದ್ದ ಕೀಲಿಗಳನ್ನೇ ಕೊಡಬೇಕಾಯಿತು. ವರ್ಗೀಯ ವ್ಯಂಜನಗಳಲ್ಲಿ ಶಿಫ್ಟ್ ಎಂದರೆ ಮಹಾಪ್ರಾಣ ಎಂಬ ಒಂದೇ ನಿಯಮವನ್ನು ಕೆಡಿಸದಿರಲು ತೆತ್ತ ಬೆಲೆ ಇದು. ಲಿಪ್ಯಂತರ ಕ್ರಮವು ಇದಕ್ಕೆ ಎದುರಾದ ದಾರಿ ಹಿಡಿದು ಶಿಫ್ಟನ್ನು ಮೂರ್ಧನ್ಯಕ್ಕೆ ಕೊಟ್ಟು, ಮಹಾಪ್ರಾಣಕ್ಕೆ 'ಎಚ್' ಸೇರಿಸಿತು. ಕಲಿಯುವ ಮೊದಲ ದಿನಕ್ಕೆ ಎರಡನೆಯದು ಹಿತ, ಬರೆಯುವ ನೂರನೆಯ ದಿನಕ್ಕೆ ಮೊದಲನೆಯದು.

ಆದರೆ ಎರಡೂ ಕ್ರಮಗಳಲ್ಲಿ ಅಡಗಿರುವ ಒಂದು ಊಹೆಯನ್ನು ಹೆಸರಿಸಲೇಬೇಕು. ಬಳಕೆದಾರನಿಗೆ ಇಂಗ್ಲಿಷ್ ಅಕ್ಷರಗಳೂ ಅವುಗಳ ಧ್ವನಿಗಳೂ ಮೊದಲೇ ಗೊತ್ತಿವೆ ಎಂಬುದೇ ಆ ಊಹೆ. ಕನ್ನಡ ಮಾಧ್ಯಮದಲ್ಲಿ ಓದಿ ಶಾಲೆ ಬಿಟ್ಟ ಕೃಷಿಕ ಮಹಿಳೆಗೆ ಕನ್ನಡ ಬರೆಯಲು ಇಂಗ್ಲಿಷ್ ಅಕ್ಷರಮಾಲೆಯೇ ಹೆಬ್ಬಾಗಿಲಾಗುವುದೆಂದರೆ, ಬಳಕೆದಾರರ ಒಂದು ದೊಡ್ಡ ಸಮುದಾಯವನ್ನು ವಿನ್ಯಾಸವು ಹೊಸ್ತಿಲಲ್ಲೇ ನಿಲ್ಲಿಸಿದಂತಾಯಿತು. ಮೊಬೈಲಿನ ಸ್ಪರ್ಶಪರದೆಯಲ್ಲಿ ಕೀಲಿಯ ಮೇಲೆ ಕನ್ನಡ ಅಕ್ಷರವನ್ನೇ ತೋರಿಸುವ ಅವಕಾಶ ಬಂದ ಮೇಲೆ ಈ ನಿರ್ಬಂಧಕ್ಕೆ ತಾಂತ್ರಿಕ ಸಮರ್ಥನೆ ಉಳಿದಿಲ್ಲ. ಇನ್‌ಸ್ಕ್ರಿಪ್ಟ್ ಕ್ರಮವನ್ನು ಕುರಿತ ಹಳೆಯ ಆಕ್ಷೇಪವೂ ಅಲ್ಲಿ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ.

ಕಾಣದಿರುವುದು

ಈವರೆಗೆ ನೋಡಿದ್ದು ಕ್ರಿಯೆಯ ಅಂತರ. ಗ್ರಹಿಕೆಯ ಅಂತರ ಇದಕ್ಕಿಂತ ಮೋಸದ್ದು, ಏಕೆಂದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಮೊದಲ ಉದಾಹರಣೆ ಫಾಂಟುಗಳದು. 1990ರ ದಶಕದಲ್ಲಿ ಮುದ್ರಣಾಲಯಗಳನ್ನು ಹೊಕ್ಕ ಶ್ರೀಲಿಪಿ, ಪ್ರಕಾಶಕ್, ಆಕೃತಿಗಳಿಂದ ಹಿಡಿದು ಆರಂಭದ 'ನುಡಿ', 'ಬರಹ'ಗಳವರೆಗೆ ಕನ್ನಡ ಪಠ್ಯವು ಗಣಕದ ಸ್ಮೃತಿಯಲ್ಲಿ ಕನ್ನಡವಾಗಿ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರಭಾಗಗಳ ಚಿತ್ರಗಳನ್ನು ಕೂರಿಸಲಾಗಿತ್ತು. ಪರದೆಯ ಮೇಲೆ ಶುದ್ಧ ಕನ್ನಡ ಕಾಣುತ್ತಿತ್ತು. ಫಾಂಟು ಇಲ್ಲದ ಗಣಕದಲ್ಲಿ ಅದೇ ಕಡತ ಅರ್ಥಹೀನ ಚಿಹ್ನೆಗಳ ರಾಶಿಯಾಗುತ್ತಿತ್ತು. ಹೀಗೆ ಸಿದ್ಧವಾದ ಪ್ರೌಢಪ್ರಬಂಧಗಳೂ ಪುಸ್ತಕಗಳೂ ಇಂದಿಗೂ ಎಷ್ಟೋ ಗಣಕಗಳಲ್ಲಿ ಹಾಗೆಯೇ ಉಳಿದಿವೆ. 1991ರಿಂದಲೇ ಯೂನಿಕೋಡ್ ಮಾನಕದಲ್ಲಿ ಕನ್ನಡಕ್ಕೆ ಸ್ಥಾನವಿದ್ದರೂ ಅದು ಸಾಮಾನ್ಯ ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಕಣ್ಣಿರುವ ಓದುಗನಿಗೆ ಈ ವ್ಯತ್ಯಾಸ ಅನಾನುಕೂಲ ಮಾತ್ರ. ಪರದೆಯನ್ನು ಓದಿಹೇಳುವ ತಂತ್ರಾಂಶವನ್ನು ನೆಚ್ಚಿರುವ ದೃಷ್ಟಿಹೀನ ವಿದ್ಯಾರ್ಥಿಗೆ ಹಾಗಲ್ಲ. ಆ ತಂತ್ರಾಂಶ ಓದುವುದು ಚಿತ್ರವನ್ನಲ್ಲ, ಸಂಕೇತವನ್ನು. ಹಳೆಯ ಫಾಂಟಿನಲ್ಲಿ ಜೋಡಿಸಿದ ಕಾವ್ಯಮೀಮಾಂಸೆಯ ಟಿಪ್ಪಣಿ ಅವನ ಕಿವಿಗೆ ಇಂಗ್ಲಿಷ್ ಅಕ್ಷರಗಳ ಗದ್ದಲವಾಗಿ ಬರುತ್ತದೆ. ಟಿಪ್ಪಣಿಯನ್ನು ಕೊಟ್ಟ ಅಧ್ಯಾಪಕರಿಗೆ ಇದು ಗೊತ್ತೇ ಆಗುವುದಿಲ್ಲ. ಅವರ ಪರದೆಯಲ್ಲಿ ಎಲ್ಲವೂ ಸರಿಯಾಗಿದೆ.

ಯೂನಿಕೋಡ್ ಬಂದ ಮೇಲೂ ಅಗೋಚರ ತೊಡಕುಗಳು ತಪ್ಪಿಲ್ಲ. 'ಸಾಫ್ಟ್‌ವೇರ್' ಎಂಬಂಥ ಪದದಲ್ಲಿ ಟಕಾರದ ಮುಂದೆ ಕಣ್ಣಿಗೆ ಕಾಣದ ಬಿಡಿಸುವ ಸಂಕೇತವೊಂದನ್ನು ಹಾಕದಿದ್ದರೆ ವಕಾರ ಒತ್ತಾಗಿ ಕೆಳಗಿಳಿದು 'ಸಾಫ್ಟ್ವೇರ್' ಆಗುತ್ತದೆ. 'ರ‍್ಯಾಂಕ್' ಎಂದು ಬರೆಯಬೇಕಾದವನು ಕೂಡಿಸುವ ಇನ್ನೊಂದು ಅಗೋಚರ ಸಂಕೇತವನ್ನು ಅರಿಯದಿದ್ದರೆ ಅರ್ಕಾವತ್ತಿನ 'ರ್ಯಾಂಕ್' ಮೂಡುತ್ತದೆ. ಕನ್ನಡದ ಮನೋಮಾದರಿಯಲ್ಲಿ ಎಲ್ಲಿಯೂ ಇಲ್ಲದ ವಸ್ತುಗಳು ಇವು. ಬಳಕೆದಾರ ಅವನ್ನು ಊಹಿಸಿ ಕಂಡುಕೊಳ್ಳುವಂತಿಲ್ಲ. ಇನ್ನು ಅನುಸ್ವಾರ ಮತ್ತು ಕನ್ನಡ ಅಂಕಿಯ ಸೊನ್ನೆ. ಎರಡೂ ನೋಟಕ್ಕೆ ಹೆಚ್ಚುಕಡಿಮೆ ಒಂದೇ ವೃತ್ತ, ಸಂಕೇತ ಮಾತ್ರ ಬೇರೆ. ಅನುಸ್ವಾರದ ಜಾಗದಲ್ಲಿ ಸೊನ್ನೆಯನ್ನು ಒತ್ತಿದ 'ಕ೦ಬ' ಓದಲು ಯಾವ ಅಡ್ಡಿಯೂ ಇಲ್ಲ. ಆದರೆ ಪದಸೂಚಿ ಸಿದ್ಧಪಡಿಸುವಾಗ 'ಕಂಬ' ಎಂದು ಹುಡುಕಿದರೆ ಅದು ದೊರೆಯುವುದಿಲ್ಲ, ಅಕಾರಾದಿಯಲ್ಲಿ ಬೇರೆಲ್ಲೋ ಹೋಗಿ ನಿಲ್ಲುತ್ತದೆ. ನಿಘಂಟು ಮತ್ತು ಪದಪ್ರಯೋಗ ಕೋಶಗಳ ಕೆಲಸದಲ್ಲಿ ತೊಡಗಿರುವವರಿಗೆ ಇದರ ನಷ್ಟ ವಿವರಿಸಬೇಕಾಗಿಲ್ಲ.

ಹಳಗನ್ನಡದ ಪ್ರಸಂಗ ಇನ್ನೂ ಗಂಭೀರವಾದುದು. ಶಬ್ದಮಣಿದರ್ಪಣದ ರೞ, ಕುಳ, ಕ್ಷಳಗಳ ವಿವೇಚನೆಯನ್ನು ತರಗತಿಯಲ್ಲಿ ಬೋಧಿಸುವ ಅಧ್ಯಾಪಕನು ಅದೇ ಪಾಠವನ್ನು ಗಣಕದಲ್ಲಿ ಬರೆಯಹೊರಟರೆ ೞ ಅಕ್ಷರವನ್ನು ಹಲವು ಕೀಲಿಮಣೆಗಳಲ್ಲಿ ಹುಡುಕಿ ತೆಗೆಯಬೇಕಾಗುತ್ತದೆ. ಇನ್‌ಸ್ಕ್ರಿಪ್ಟ್‌ನಲ್ಲಿ ಱಕಾರವು ರಕಾರದ ಕೀಲಿಯಲ್ಲೇ ಶಿಫ್ಟ್‌ನೊಡನೆ ದೊರೆಯುತ್ತದೆಂಬುದು ತಿಳಿದವರು ಕೆಲವರು. ಯೂನಿಕೋಡ್ ಮಾನಕದಲ್ಲಿ ೞ ಅಕ್ಷರದ ಅಧಿಕೃತ ಇಂಗ್ಲಿಷ್ ಹೆಸರು 'ಕನ್ನಡ ಲೆಟರ್ ಎಫ್‌ಎ' ಎಂದಿದೆ. ಫಕಾರಕ್ಕೂ ರೞಕ್ಕೂ ಸಂಬಂಧವೇನೆಂದು ಯಾರಾದರೂ ಬೆರಗಾಗಬೇಕು! ಇದು ಹೆಸರಿಡುವಾಗ ನುಸುಳಿದ ತಪ್ಪು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಮಾನಕದ ಸ್ಥಿರ ನಿಯಮವಾದ್ದರಿಂದ, ಸರಿಯಾದ ಹೆಸರನ್ನು ಪರ್ಯಾಯ ನಾಮವಾಗಿ ಸೇರಿಸಿ ಮೂಲ ತಪ್ಪನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಪರಿಶೀಲನೆಯ ಹಂತದಲ್ಲಿ ಹಳಗನ್ನಡ ಬಲ್ಲವರೊಬ್ಬರು ಕರಡನ್ನು ನೋಡಿದ್ದರೆ ಒಂದು ನಿಮಿಷದಲ್ಲಿ ತಿದ್ದಬಹುದಾಗಿದ್ದ ದೋಷ ಇದು. ಅವಗ್ರಹ ಚಿಹ್ನೆ ಮಾನಕಕ್ಕೆ ಸೇರಿದ್ದು 2003ರಲ್ಲಿ. ಹಳಗನ್ನಡ ಲಿಪಿಯ ನಕಾರಪೊಲ್ಲು ಸೇರಿದ್ದು 2021ರಷ್ಟು ಈಚೆಗೆ. ಯಾರೋ ಕೇಳಿದಾಗ ಮಾತ್ರ ಇಂಥ ಅಕ್ಷರಗಳಿಗೆ ಜಾಗ ದೊರೆಯುತ್ತದೆ. ಕೇಳಬೇಕಾದವರು ಆ ಅಕ್ಷರಗಳನ್ನು ಓದಬಲ್ಲವರೇ ಆಗಿರಬೇಕಷ್ಟೆ.

ಊಹಿಸಿ ಬರೆಯುವ ಯಂತ್ರ

ಮೊಬೈಲಿನಲ್ಲಿ ಇಂದು ಬಹಳ ಮಂದಿ ಅನುಸರಿಸುತ್ತಿರುವುದು ಇಂಗ್ಲಿಷ್ ಅಕ್ಷರಗಳಲ್ಲಿ ಸ್ಥೂಲವಾಗಿ ಒತ್ತಿ, ಯಂತ್ರವು ಸೂಚಿಸುವ ಕನ್ನಡ ರೂಪಗಳಲ್ಲಿ ಒಂದನ್ನು ಆಯುವ ಕ್ರಮ. ಶಿಫ್ಟ್‌ನ ಗೊಡವೆಯಿಲ್ಲ, ಹ್ರಸ್ವ ದೀರ್ಘಗಳ ಲೆಕ್ಕವಿಲ್ಲ. 'ಬಿ-ಎ-ಎಲ್-ಇ' ಎಂಬ ನಾಲ್ಕು ಅಕ್ಷರಗಳಿಂದ ಬಲೆ, ಬಳೆ, ಬಾಲೆ, ಬಾಳೆ ಎಂಬ ನಾಲ್ಕು ಪದಗಳೂ ಹೊರಡಬಹುದು. ಹಳ್ಳಿಗೂ ಹಲ್ಲಿಗೂ ಅಲ್ಲಿ ಒಂದೇ ಬೆರಳೋಟ. ಯಾವುದು ಬೇಕೆಂಬುದನ್ನು ಯಂತ್ರವು ಹಿಂದೆ ಕಂಡ ಬರಹಗಳ ಆಧಾರದ ಮೇಲೆ ಊಹಿಸುತ್ತದೆ. ನೆನಪಿನಿಂದ ಬರೆಯುವುದಕ್ಕಿಂತ ಗುರುತಿಸಿ ಆಯುವುದು ಮನುಷ್ಯನಿಗೆ ಸುಲಭವೆಂಬ ತತ್ವವನ್ನು ಈ ಕ್ರಮ ಚೆನ್ನಾಗಿ ಬಳಸಿಕೊಂಡಿದೆ. ಇದರಿಂದ ಕನ್ನಡ ಬರೆಯುವವರ ಬಳಗ ಹಿಗ್ಗಿದೆ ಎಂಬುದರಲ್ಲಿ ಅನುಮಾನವಿಲ್ಲ. ಅದನ್ನು ಕೀಳುಗಳೆಯುವುದು ಪಂಡಿತರ ಮಡಿವಂತಿಕೆಯಾದೀತು.

ಆದರೆ ಊಹೆಯ ಯಂತ್ರಕ್ಕೆ ಒಲವುಗಳಿರುತ್ತವೆ. ಅದು ಹೆಚ್ಚು ಕಂಡ ರೂಪವನ್ನು ಮೊದಲು ನೀಡುತ್ತದೆ, ಕಾಣದ ರೂಪವನ್ನು ಕಂ‌ಡ ರೂಪಕ್ಕೆ ಎಳೆಯುತ್ತದೆ. ಮುದ್ರಿತ ಶಿಷ್ಟ ಗದ್ಯವೇ ಅದರ ಆಧಾರವಾಗಿದ್ದರೆ 'ಹೋಗುತ್ತೇನೆ' ಎಂಬುದು ಬೇಗನೆ ದೊರೆತು 'ಹೊಂಟೀನಿ' ಎಂಬುದು ತಡವಾಗುತ್ತದೆ ಅಥವಾ ಬೇರೆ ಪದವಾಗಿ ಬದಲಾಗುತ್ತದೆ. ಧಾರವಾಡ, ಕಲಬುರಗಿ, ಮಂಗಳೂರು, ಚಾಮರಾಜನಗರದ ಆಡುನುಡಿಗಳಲ್ಲಿ ಮನೆಯವರಿಗೆ ಸಂದೇಶ ಬರೆಯುವವನು ಪ್ರತಿ ಪದದಲ್ಲೂ ಯಂತ್ರದೊಡನೆ ಜಗ್ಗಾಡಬೇಕಾಗುತ್ತದೆ. ಒಂದೆರಡು ಸಲ ಜಗ್ಗಾಡಿ, ಮೂರನೆಯ ಸಲ ಯಂತ್ರ ಕೊಟ್ಟಿದ್ದನ್ನೇ ಒಪ್ಪಿಕೊಳ್ಳುವುದು ಮನುಷ್ಯ ಸ್ವಭಾವ. 2017ರಲ್ಲಿ ಗೂಗಲ್ ಸಂಸ್ಥೆಯು ಧ್ವನಿಯಿಂದ ಬರೆಯುವ ಸೌಲಭ್ಯವನ್ನು ಕನ್ನಡಕ್ಕೂ ವಿಸ್ತರಿಸಿದಾಗ ಅಕ್ಷರಾಭ್ಯಾಸ ಕಡಿಮೆಯಿರುವವರಿಗೂ ಬಾಗಿಲು ತೆರೆಯಿತು. ಅಲ್ಲಿಯೂ ಯಾರ ಉಚ್ಚಾರಣೆಯನ್ನು ಯಂತ್ರ ಕೇಳಿ ಕಲಿತಿದೆ ಎಂಬ ಪ್ರಶ್ನೆ ಇದ್ದೇ ಇದೆ. ಉಪಭಾಷೆಗಳ ವಿವರಣಾತ್ಮಕ ಅಧ್ಯಯನಗಳನ್ನು ನಮ್ಮ ವಿಶ್ವವಿದ್ಯಾನಿಲಯಗಳು ದಶಕಗಳಿಂದ ಮಾಡಿಸುತ್ತ ಬಂದಿವೆ. ಅವುಗಳಲ್ಲಿ ಸಂಗ್ರಹವಾದ ರೂಪಾವಳಿಗಳು ಯಂತ್ರದ ಪದಪಟ್ಟಿಗೆ ಬೇಕಾದ ಸಾಮಗ್ರಿಯೇ ಆಗಿವೆ.

ಪರೀಕ್ಷೆಯ ವಿಧಾನ

ಇಂಥ ಅಧ್ಯಯನಕ್ಕೆ ದೊಡ್ಡ ಪ್ರಯೋಗಾಲಯ ಬೇಕಾಗಿಲ್ಲ. ಬಳಕೆಯ ಪರೀಕ್ಷೆಯಲ್ಲಿ ಐವರನ್ನು ಗಮನಿಸಿದರೂ ಮುಖ್ಯ ದೋಷಗಳು ಬಹುಪಾಲು ಬೆಳಕಿಗೆ ಬರುತ್ತವೆಂದು ಜೇಕಬ್ ನೀಲ್ಸನ್ 2000ದಲ್ಲಿ ವಾದಿಸಿದ್ದರು. ಆ ಲೆಕ್ಕವನ್ನು ಆಕ್ಷೇಪಿಸಿದವರೂ ಇದ್ದಾರೆ. ಬಳಕೆದಾರರು ಒಬ್ಬರಂತೆ ಒಬ್ಬರಿಲ್ಲದಿದ್ದಾಗ ಐವರು ಸಾಲದು ಎಂಬುದು ನಿಜ. ಆರಂಭಕ್ಕಾದರೂ ವಿಭಾಗದ ಆವರಣದಲ್ಲೇ ಭಿನ್ನ ಹಿನ್ನೆಲೆಯ ಕೆಲವರು ದೊರೆಯುತ್ತಾರೆ: ಪದವಿ ತರಗತಿಯ ವಿದ್ಯಾರ್ಥಿನಿ, ಕಚೇರಿಯ ಬೆರಳಚ್ಚುಗಾರ, ನಿವೃತ್ತ ಅಧ್ಯಾಪಕರು, ದೃಷ್ಟಿಹೀನ ವಿದ್ಯಾರ್ಥಿ, ಶಾಸನಗಳನ್ನು ಓದುವ ಸಂಶೋಧಕ. ಅವರಿಗೆ ಕೊಡುವ ಕೆಲಸಗಳು ಅವರ ದಿನಚರಿಯಿಂದಲೇ ಬಂದವಾಗಿರಬೇಕು. ರಜೆಯ ಅರ್ಜಿ, ಮನೆಗೆ ಸಂದೇಶ, ಊರು ಬೀದಿಗಳ ಹೆಸರಿರುವ ವಿಳಾಸ, ೞ ಱ ಇರುವ ಶಾಸನದ ನಾಲ್ಕು ಸಾಲು, ಬರೆದ ಕಡತದಲ್ಲಿ ಒಂದು ಪದವನ್ನು ಹುಡುಕುವುದು ಇತ್ಯಾದಿ. ಬರೆಯುವಾಗ ಮನಸ್ಸಿಗೆ ಬಂದುದನ್ನು ಗಟ್ಟಿಯಾಗಿ ಹೇಳುತ್ತ ಹೋಗಬೇಕೆಂದು ಅವರನ್ನು ಕೋರುವುದು ರೂಢಿಯಲ್ಲಿರುವ ವಿಧಾನ. ದೃಷ್ಟಿಹೀನ ವಿದ್ಯಾರ್ಥಿ ಯಂತ್ರದ ಮಾತನ್ನು ಕೇಳುತ್ತಲೇ ಬರೆಯುವುದರಿಂದ ಅವನಿಗೆ ಮಾತ್ರ ಇದನ್ನು ಅನ್ವಯಿಸದೆ, ಕೆಲಸ ಮುಗಿದ ಮೇಲೆ ಮಾತಾಡಿಸುವುದು ಮೇಲು. ನೋಡುವವನು ಸಹಾಯ ಮಾಡಬಾರದು. ಅಧ್ಯಾಪಕರಿಗೆ ಇದೇ ಎಲ್ಲಕ್ಕಿಂತ ಕಷ್ಟದ ಷರತ್ತು.

ದಾಖಲಿಸಬೇಕಾದುದು ಬೆರಳು ನಿಂತ ಜಾಗ, ಅಳಿಸಿದ ಜಾಗ, ಒತ್ತಿದ್ದು ಬೇರೆ ಮೂಡಿದ್ದು ಬೇರೆಯಾದ ಜಾಗ. ಇವೆಲ್ಲಕ್ಕಿಂತ ಮುಖ್ಯವಾದ ಒಂದು ವರ್ಗ ಈ ದಾಖಲೆಯಲ್ಲಿ ತಪ್ಪಿಹೋಗುತ್ತದೆ: ಬರೆಯಲು ಹೊರಟು ಕೈಬಿಟ್ಟ ಪದಗಳು. ತೊಡಕಿನ ಒತ್ತಕ್ಷರವನ್ನು ತಪ್ಪಿಸಲು ಬೇರೆ ಪದ ಹಾಕಿದವನ, ೞಕಾರ ದೊರೆಯದೆ ಳಕಾರ ಹಾಕಿ ಮುಂದೆ ಹೋದವನ ಪಠ್ಯದಲ್ಲಿ ಯಾವ ದೋಷವೂ ಕಾಣುವುದಿಲ್ಲ. ಆದ್ದರಿಂದ ಪರೀಕ್ಷೆಗೆ ಮೊದಲು ಅದೇ ವಿಷಯವನ್ನು ಅವರಿಂದ ಕಾಗದದ ಮೇಲೆ ಬರೆಸಿಕೊಂಡು, ಆಮೇಲೆ ಪರದೆಯ ಪ್ರತಿಯೊಡನೆ ಸಾಲುಸಾಲಾಗಿ ತಾಳೆ ನೋಡಬೇಕು. ದೃಷ್ಟಿಹೀನ ವಿದ್ಯಾರ್ಥಿಯ ಮಟ್ಟಿಗೆ ಅವನ ಮಾತಿನ ಧ್ವನಿಮುದ್ರಣವೇ ಮೊದಲ ಪ್ರತಿಯಾಗುತ್ತದೆ. ಓಲೆಗರಿಯ ಪ್ರತಿಗಳನ್ನು ಎದುರುಬದುರು ಇಟ್ಟುಕೊಂಡು ಲಿಪಿಕಾರನ ಕೈತಪ್ಪು ಯಾವುದು, ಬೇಕೆಂದೇ ಮಾಡಿದ ತಿದ್ದುಪಡಿ ಯಾವುದು, ಓದಲಾಗದೆ ಬದಲಿಸಿದ ಪಾಠ ಯಾವುದು ಎಂದು ನಿರ್ಣಯಿಸುವ ಗ್ರಂಥಸಂಪಾದನೆಯ ಅಭ್ಯಾಸವುಳ್ಳವರಿಗೆ ಈ ಕೆಲಸದ ಹದ ಹೊಸದಲ್ಲ. ಇಲ್ಲಿ ಪಾಠಾಂತರಕ್ಕೆ ಕಾರಣ ಲಿಪಿಕಾರನಲ್ಲ, ಅವನ ಕಂಠ ಎಂಬುದಷ್ಟೇ ವ್ಯತ್ಯಾಸ. ಯಾವ ಕೀಲಿಮಣೆ ಯಾವ ಪಾಠವನ್ನು ಕೆಡಿಸುತ್ತದೆ ಎಂಬ ಪಟ್ಟಿ ಸಿದ್ಧವಾದರೆ ಅದನ್ನು ವಿನ್ಯಾಸಕಾರರ ಮುಂದಿಡಬಹುದು.